ಕಾಣದ ವಿಷಕ್ಕೆ ಪ್ರಮಾಣ

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ನಾವೆಲ್ಲ ಬಾಲ್ಯದಿಂದ ಕೇಳಿಕೊಂಡು ಬಂದವರೇ. ಕಣ್ಣಿಗೆ ಕಂಡದ್ದನ್ನೇ ಪ್ರಮಾಣಿಸಿ ನೋಡಬೇಕಾದರೆ, ಕಣ್ಣಿಗೆ ಕಾಣದೆ, ಮೂಗಿಗೆ ಹತ್ತದೆ, ಮೈಗೆ ಸೋಕಿದ್ದೂ ತಿಳಿಯದಂತೆ ಒಳಹೊಗುವ ವಸ್ತುವನ್ನು ಇನ್ನೆಷ್ಟು ಪ್ರಮಾಣಿಸಬೇಕು! ಈ ‘ಪ್ರಮಾಣ’ ಎಂಬ ಮಾತಾದರೂ ವಿಚಿತ್ರವಾದದ್ದು. ಅದಕ್ಕೆ ಅಳತೆ ಎಂದೂ ಅರ್ಥ. ಸಾಕ್ಷ್ಯ, ಆಧಾರ ಎಂದೂ ಅರ್ಥ. ದೇವರ ಮುಂದೆ ಮಾಡುವ ಆಣೆ ಎಂದೂ ಅರ್ಥ. ತರಗತಿಯಲ್ಲಿ ಈ ಮೂರು ಅರ್ಥಗಳನ್ನು ಹೇಳಿ ಮುಂದಿನ ಪದಕ್ಕೆ ಹೋಗಿಬಿಡುವುದು ನನ್ನಂಥ ಮೇಷ್ಟರ ರೂಢಿ. ಆದರೆ ಈ ಮೂರೂ ಒಂದೇ ಕಥೆಯಲ್ಲಿ ಹೇಗೆ ಕೂಡಿ ಬರುತ್ತವೆಂಬುದನ್ನು ತಿಳಿಯಬೇಕಾದರೆ ಜಪಾನಿನ ಒಂದು ಮೀನುದೋಣಿಯ ಇತಿಹಾಸವನ್ನು ನೋಡಬೇಕು.

1954ರ ಮಾರ್ಚ್ 1ನೆಯ ತಾರೀಖು. ಪೆಸಿಫಿಕ್ ಮಹಾಸಾಗರದ ಮಾರ್ಷಲ್ ದ್ವೀಪಗಳ ನಡುವೆ ‘ಐದನೆಯ ಫುಕುರ್ಯು ಮಾರು’ ಎಂಬ ದೋಣಿ ಟ್ಯೂನಾ ಮೀನು ಹಿಡಿಯುತ್ತಿತ್ತು. ಆ ಹೆಸರಿಗೆ ‘ಅದೃಷ್ಟದ ನಾಗ’ ಎಂದು ಅರ್ಥ ಹೇಳಬಹುದು. ದೋಣಿಯಲ್ಲಿ 23 ಜನ. ಬೆಳಕು ಹರಿಯುವ ಮೊದಲೇ ಪಶ್ಚಿಮದ ದಿಕ್ಕು ಕೆಂಪಾಗಿ ಉರಿದದ್ದನ್ನು ಅವರು ಕಂಡರು. ಕೆಲವು ನಿಮಿಷಗಳ ತರುವಾಯ ಗುಡುಗಿನಂಥ ಸದ್ದು ಕೇಳಿಸಿತು. ಸುಮಾರು 160 ಕಿಲೋಮೀಟರ್ ದೂರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕವು ಹೈಡ್ರೋಜನ್ ಬಾಂಬೊಂದನ್ನು ಪರೀಕ್ಷಿಸಿತ್ತು. ಸುಮಾರು 6 ಮೆಗಾಟನ್ ಶಕ್ತಿಯನ್ನು ನಿರೀಕ್ಷಿಸಿದ್ದ ವಿಜ್ಞಾನಿಗಳ ಲೆಕ್ಕ ತಪ್ಪಿ ಅದು 15 ಮೆಗಾಟನ್ನಾಗಿ ಸಿಡಿದಿತ್ತು. ಕೆಲವು ಗಂಟೆಗಳಾದ ಮೇಲೆ ದೋಣಿಯ ಮೇಲೆ ಬಿಳಿಯ ಬೂದಿ ಉದುರತೊಡಗಿತು. ಪುಡಿಯಾದ ಹವಳ ಅದು. ಏನಿದೆಂದು ಒಬ್ಬಿಬ್ಬರು ನಾಲಿಗೆಗೆ ಮುಟ್ಟಿಸಿಯೂ ನೋಡಿದರಂತೆ! ಪಂಚೇಂದ್ರಿಯಗಳ ಪರೀಕ್ಷೆ ಅಲ್ಲಿಗೆ ಮುಗಿಯಿತು. ಮಾರ್ಚ್ 14ರಂದು ದೋಣಿ ತನ್ನ ಬಂದರಾದ ಯಾಯಿಜುವಿಗೆ ಮರಳುವ ಹೊತ್ತಿಗೆ ಅವರ ಚರ್ಮ ಕಪ್ಪಿಟ್ಟಿತ್ತು, ಕೂದಲು ಉದುರುತ್ತಿತ್ತು. ತಂದ ಮೀನು ಮಾತ್ರ ಎಂದಿನಂತೆ ಪೇಟೆಗೆ ಹೋಯಿತು. ಎರಡು ದಿನಗಳ ನಂತರ ಪತ್ರಿಕೆಯೊಂದು ಸುದ್ದಿಯನ್ನು ಹೊರಗೆಡಹಿತು; ಜಪಾನು ತಲ್ಲಣಿಸಿತು.

ಆಗ ಜನಕ್ಕೆ ನೆನಪಾದದ್ದು ಗೈಗರ್ ಯಂತ್ರ. ಇದರ ವಂಶಾವಳಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. 1896ರಲ್ಲಿ ಪ್ಯಾರಿಸ್ಸಿನ ಬೆಕೆರೆಲ್ ಎಂಬ ವಿಜ್ಞಾನಿ, ಬಿಸಿಲು ಬಾರದ ದಿನಗಳಲ್ಲಿ ಯುರೇನಿಯಂ ಲವಣವನ್ನು ಕಪ್ಪು ಕಾಗದ ಸುತ್ತಿದ ಫೋಟೋ ಫಲಕದೊಡನೆ ಮೇಜಿನ ಸೆಳೆಖಾನೆಯಲ್ಲಿಟ್ಟಿದ್ದ. ತೆಗೆದು ನೋಡಿದರೆ, ಬೆಳಕೇ ಕಾಣದ ಫಲಕದ ಮೇಲೆ ಗುರುತು ಮೂಡಿತ್ತು. ಹೀಗೆ ವಿಕಿರಣವು ತಾನಾಗಿಯೇ ತನ್ನ ಮೊದಲ ಸಾಕ್ಷ್ಯವನ್ನು ಬರೆದುಕೊಟ್ಟಿತು. 1908ರಲ್ಲಿ ಮ್ಯಾಂಚೆಸ್ಟರಿನಲ್ಲಿ ರುದರ್‌ಫರ್ಡನ ಬಳಿ ಕೆಲಸ ಮಾಡುತ್ತಿದ್ದ ಹಾನ್ಸ್ ಗೈಗರ್ ಆ ಕಣಗಳನ್ನು ಒಂದೊಂದಾಗಿ ಎಣಿಸುವ ಸಾಧನವನ್ನು ರಚಿಸಿದ. 1928ರಲ್ಲಿ ತನ್ನ ಶಿಷ್ಯ ಮ್ಯುಲ್ಲರನೊಡನೆ ಅದನ್ನು ಸುಧಾರಿಸಿದ. ಉಪಕರಣ ಸರಳವಾದದ್ದೇ. ಲೋಹದ ಒಂದು ಕೊಳವೆ, ಒಳಗೆ ಸ್ವಲ್ಪ ಅನಿಲ, ನಡುವೆ ಒಂದು ಸಣ್ಣ ತಂತಿ; ಕೊಳವೆಗೂ ತಂತಿಗೂ ನಡುವೆ ನೂರಾರು ವೋಲ್ಟಿನ ವಿದ್ಯುತ್ ಒತ್ತಡ. ವಿಕಿರಣದ ಒಂದು ಕಣ ಒಳನುಗ್ಗಿದರೆ ಅನಿಲದ ಅಣುಗಳು ಒಡೆದು ವಿದ್ಯುದಂಶಗಳಾಗುತ್ತವೆ. ಅವು ಇನ್ನಷ್ಟನ್ನು ಒಡೆದು, ಗುಡ್ಡದಿಂದ ಉರುಳುವ ಕಲ್ಲು ಹತ್ತು ಕಲ್ಲುಗಳನ್ನು ಎಬ್ಬಿಸಿದಂತೆ, ಕ್ಷಣಾರ್ಧದಲ್ಲಿ ಒಂದು ಮಿಡಿತವಾಗುತ್ತದೆ. ನಮಗೆ ‘ಟಿಕ್’ ಎಂದು ಕೇಳಿಸುತ್ತದೆ. ಕಣ್ಣಿಗೆ ಕಾಣದ್ದು ಕಿವಿಗೆ ಬಿದ್ದದ್ದು ಹೀಗೆ.

ಟೋಕಿಯೋದ ತ್ಸುಕಿಜಿ ಮೀನುಪೇಟೆಯಲ್ಲಿ ಈ ಯಂತ್ರ ಟಿಕ್ಕೆನ್ನತೊಡಗಿತು. ಸಾಲಾಗಿ ಮಲಗಿಸಿದ ಟ್ಯೂನಾಗಳ ಮೇಲೆ ಅಧಿಕಾರಿಗಳು ಕೊಳವೆಯನ್ನು ಆಡಿಸುತ್ತ ಹೋಗುತ್ತಿದ್ದರು. 10 ಸೆಂಟಿಮೀಟರ್ ದೂರದಲ್ಲಿ ಹಿಡಿದಾಗ ನಿಮಿಷಕ್ಕೆ 100 ಮಿಡಿತ ಮೀರಿದರೆ ಆ ಮೀನು ಮಣ್ಣುಪಾಲು. ಆ ವರ್ಷ 800ಕ್ಕೂ ಹೆಚ್ಚು ದೋಣಿಗಳು ಇಂಥ ಮೀನನ್ನು ಹೊತ್ತು ತಂದವು. ನೂರಾರು ಟನ್ ಮೀನನ್ನು ಹೂಳಬೇಕಾಯಿತು, ಇಲ್ಲವೆ ಕಡಲಿಗೆ ಸುರಿಯಬೇಕಾಯಿತು. ಹಾಗಾದರೆ ವಿಷ ಬಿದ್ದದ್ದು ಒಂದು ದೋಣಿಯ ಮೇಲಲ್ಲ, ಇಡೀ ಕಡಲಿನ ಮೇಲೆ ಎಂಬುದು ಪೇಟೆಯ ಕಟ್ಟೆಯ ಮೇಲೆಯೇ ಸ್ಪಷ್ಟವಾಯಿತು.

ಅಳತೆ ಸಿಕ್ಕಿತು, ಇನ್ನು ಸಾಕ್ಷ್ಯದ ಮಾತು. ಮಾರ್ಚ್ ಕೊನೆಯಲ್ಲಿ ಅಮೆರಿಕದ ಅಣುಶಕ್ತಿ ಆಯೋಗದ ಅಧ್ಯಕ್ಷ ಲೂಯಿಸ್ ಸ್ಟ್ರಾಸ್, ದೋಣಿ ಅಪಾಯದ ವಲಯದ ಒಳಗೇ ಇದ್ದಿರಬೇಕೆಂದೂ, ಬೆಸ್ತರ ಮೈಮೇಲಿನ ಹುಣ್ಣು ವಿಕಿರಣದಿಂದಲ್ಲ, ಹವಳದ ಸುಣ್ಣದ ರಾಸಾಯನಿಕ ಕ್ರಿಯೆಯಿಂದ ಆಗಿರಬಹುದೆಂದೂ ಹೇಳಿದರು. ದೊಡ್ಡವರ ಮಾತನ್ನು ಬಡ ಬೆಸ್ತರು ಹೇಗೆ ಅಲ್ಲಗಳೆಯಬೇಕು? ಅವರ ಪರವಾಗಿ ನುಡಿದದ್ದು ಆ ಬೂದಿಯೇ. ಗೈಗರ್ ಯಂತ್ರ ‘ಇದೆ’ ಎನ್ನುತ್ತದೆಯೇ ಹೊರತು ‘ಇಂಥದ್ದು’ ಎನ್ನಲಾರದು. ಆದ್ದರಿಂದ ಟೋಕಿಯೋ ವಿಶ್ವವಿದ್ಯಾಲಯದ ಕಿಮುರಾ ಕೆಂಜಿರೋ ಮತ್ತು ಅವರ ಸಂಗಡಿಗರು ಬೂದಿಯನ್ನು ರಾಸಾಯನಿಕವಾಗಿ ವಿಂಗಡಿಸಿ, ಅದರಲ್ಲಿದ್ದ ವಿಕಿರಣ ಧಾತುಗಳ ಪಟ್ಟಿಯನ್ನೇ ಮುಂದಿಟ್ಟರು. ಆ ಪಟ್ಟಿಯಲ್ಲಿ ಯುರೇನಿಯಂ 237 ಎಂಬ ಹೆಸರೂ ಇತ್ತು. ಇತ್ತ ಒಸಾಕದ ನಿಶಿವಾಕಿ ಯಾಸುಶಿ ತಾವು ಕಲೆಹಾಕಿದ ಅಂಕಿಗಳನ್ನು ಬ್ರಿಟನ್ನಿನ ಭೌತವಿಜ್ಞಾನಿ ಜೋಸೆಫ್ ರೋಟ್‌ಬ್ಲಾಟರಿಗೆ ಕೊಟ್ಟರು. ಅವರು ಲೆಕ್ಕ ಹಾಕಿ, ಈ ಬಾಂಬಿನ ಹೊರಕವಚದ ಯುರೇನಿಯಮ್ಮೂ ಸಿಡಿದಿದೆ, ಆದ್ದರಿಂದಲೇ ವಿಷ ಇಷ್ಟೊಂದು ಎಂದು ಕಂಡುಕೊಂಡರು. ಒಂದು ರಾಷ್ಟ್ರ ಬೀಗ ಹಾಕಿಟ್ಟಿದ್ದ ಗುಟ್ಟನ್ನು ಒಂದು ಹಿಡಿ ಬೂದಿ ಹೇಳಿಬಿಟ್ಟಿತು.

ನಮ್ಮ ದೇಶವೂ ಸುಮ್ಮನೆ ಕೂಡಲಿಲ್ಲ. 1954ರ ಏಪ್ರಿಲ್ 2ರಂದು ಜವಾಹರಲಾಲ್ ನೆಹರು ಅವರು ಲೋಕಸಭೆಯಲ್ಲಿ, ಇಂಥ ಪರೀಕ್ಷೆಗಳನ್ನಾದರೂ ಸದ್ಯಕ್ಕೆ ನಿಲ್ಲಿಸುವ ಒಪ್ಪಂದವಾಗಬೇಕೆಂದು ಕೇಳಿಕೊಂಡರು. ಡಿ. ಎಸ್. ಕೊಠಾರಿಯವರ ನೇತೃತ್ವದಲ್ಲಿ ಸಿದ್ಧವಾದ, ಪರಮಾಣು ಸ್ಫೋಟಗಳ ಪರಿಣಾಮವನ್ನು ಕುರಿತ ಗ್ರಂಥವನ್ನು 1956ರಲ್ಲಿ ಭಾರತ ಸರ್ಕಾರವೇ ಪ್ರಕಟಿಸಿತು.

ಇಷ್ಟಾದರೂ ಕಥೆಗೊಂದು ಕಹಿಯಾದ ತಿರುವಿದೆ. ಸೆಪ್ಟೆಂಬರ್ 23ರಂದು ದೋಣಿಯ ರೇಡಿಯೋ ನಿರ್ವಾಹಕ ಕುಬೊಯಾಮ ಐಕಿಚಿ ತೀರಿಕೊಂಡರು. ಅವರಿಗೆ 40 ವರ್ಷ. ಡಿಸೆಂಬರ್ ಕೊನೆಗೆ ಜಪಾನ್ ಸರ್ಕಾರ ಮೀನಿನ ತಪಾಸಣೆಯನ್ನೇ ನಿಲ್ಲಿಸಿತು. ಮರುತಿಂಗಳು, ಕಾನೂನಿನ ಹೊಣೆಯನ್ನು ಒಪ್ಪಿಕೊಳ್ಳದೆಯೇ, ಅಮೆರಿಕ 20 ಲಕ್ಷ ಡಾಲರ್ ಕೊಡುವುದೆಂದು ತೀರ್ಮಾನವಾಯಿತು. ಕಡಲಿನ ವಿಷ ಮುಗಿದಿರಲಿಲ್ಲ, ಮುಗಿದದ್ದು ಅಳತೆ. ಅಳೆಯದಿದ್ದರೆ ಸಾಕ್ಷ್ಯವಿಲ್ಲ, ಸಾಕ್ಷ್ಯವಿಲ್ಲದಿದ್ದರೆ ದೂರೂ ಇಲ್ಲ!

ಆದರೆ ಅಳೆಯುವವರು ಉಳಿದಿದ್ದರು. ಜಪಾನಿನ ಹವಾಮಾನ ಸಂಶೋಧನಾಲಯದಲ್ಲಿ ಮಿಯಾಕೆ ಯಾಸುಓ ಎಂಬ ಹಿರಿಯರ ಕೈಕೆಳಗೆ ಸರುಹಾಶಿ ಕಾತ್ಸುಕೊ ಎಂಬ ಮಹಿಳೆ ಕೆಲಸ ಮಾಡುತ್ತಿದ್ದರು. 1920ರಲ್ಲಿ ಹುಟ್ಟಿದ ಈಕೆ, ಟೋಕಿಯೋ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಮೊದಲ ಮಹಿಳೆ, ಅದು 1957ರಲ್ಲಿ. ಕಡಲ ನೀರಿನಲ್ಲಿ ಸೀಸಿಯಂ 137 ಎಷ್ಟಿದೆಯೆಂದು ಅಳೆಯುವ ಕೆಲಸ ಇವರ ಪಾಲಿಗೆ ಬಂತು. ಒಂದು ಬಿಂದಿಗೆ ನೀರಿನಲ್ಲಿ ಸಿಗುವಂಥದಲ್ಲ ಅದು. ಹತ್ತಾರು ಲೀಟರ್ ನೀರನ್ನು ತಂದು, ಅದರಿಂದ ಸೀಸಿಯಮ್ಮನ್ನು ಬೇರ್ಪಡಿಸಿ, ಶುದ್ಧಿಮಾಡಿ, ಆಮೇಲೆ ತಾಳ್ಮೆಯಿಂದ ಮಿಡಿತಗಳನ್ನು ಎಣಿಸಬೇಕು. ಹೀಗೆ ಎಣಿಸಿದಾಗ ಜಪಾನಿನ ಕಡೆಯ ಕಡಲಿನಲ್ಲಿ ವಿಕಿರಣ ಅಮೆರಿಕದ ಕಡೆಗಿಂತ ಬಹಳ ಹೆಚ್ಚೆಂದು ಕಂಡಿತು. ಬಿಕಿನಿಯ ನೀರನ್ನು ಸಾಗರಪ್ರವಾಹ ಮೊದಲು ಪಶ್ಚಿಮಕ್ಕೆ ಒಯ್ದು, ಅನಂತರ ಜಪಾನಿನ ದಡದ ಉದ್ದಕ್ಕೂ ಉತ್ತರಕ್ಕೆ ತಿರುಗಿಸುತ್ತದೆ. ವಿಷವೂ ಅದೇ ದಾರಿ ಹಿಡಿದಿತ್ತು. ಅಮೆರಿಕದಲ್ಲಿ ಹಲವರು ಇದನ್ನು ನಂಬಲಿಲ್ಲ. ಅಳತೆಯೇ ತಪ್ಪಿರಬೇಕು ಎಂದರು.

ಅವರವರ ಕೊಳಗದಲ್ಲಿ ಅವರವರು ಅಳೆದುಕೊಂಡರೆ ವ್ಯಾಜ್ಯ ತೀರುವುದಿಲ್ಲವಷ್ಟೆ. ಕೊಳಗವನ್ನೇ ಕೊಳಗಕ್ಕೆ ಹೋಲಿಸಿ ನೋಡಬೇಕು. 1962ರಲ್ಲಿ ಸರುಹಾಶಿ ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಸಾಗರ ಸಂಸ್ಥೆಗೆ ಹೋದರು. ಅಲ್ಲಿಯ ಥಿಯೊಡೋರ್ ಫೋಲ್ಸಮ್ ಒಂದು ವಿಧಾನದಲ್ಲಿ, ಇವರು ತಮ್ಮ ವಿಧಾನದಲ್ಲಿ ಒಂದೇ ನೀರನ್ನು ತಿಂಗಳುಗಟ್ಟಲೆ ಅಳೆದರು. ಫಲಿತಾಂಶಗಳು ಹೊಂದಿಕೊಂಡವು. ಸರುಹಾಶಿಯವರ ಕೊಳಗ ಸರಿಯಾಗಿತ್ತು. ಪರದೇಶದ ಪ್ರಯೋಗಶಾಲೆಗೆ ಒಬ್ಬರೇ ಹೋಗಿ ನಿಂತು, ಕೂಗಾಡದೆ, ಬರಿಯ ಎಣಿಕೆಯಿಂದ ತಮ್ಮ ನಾಡಿನ ದೂರನ್ನು ಸ್ಥಾಪಿಸಿದ ಈ ಮಹಿಳೆಯ ಧೈರ್ಯ ರಣರಂಗದ ಧೈರ್ಯಕ್ಕೆ ಕಡಮೆಯದಲ್ಲ. 1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಅಮೆರಿಕ, ಬ್ರಿಟನ್, ಸೋವಿಯತ್ ದೇಶಗಳು ಗಾಳಿ, ನೀರು, ಅಂತರಿಕ್ಷಗಳಲ್ಲಿ ಪರಮಾಣು ಪರೀಕ್ಷೆಯನ್ನು ನಿಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕಿದವು. ಆ ಸಹಿಗೆ ರಾಜಕೀಯದ ಕಾರಣಗಳು ಅನೇಕ. ಆದರೆ ಆ ಮಸಿಯಲ್ಲಿ ಇಂಥ ಅಳತೆಗಾರರ ಬೆವರೂ ಬೆರೆತಿತ್ತೆಂಬುದನ್ನು ಮರೆಯಬಾರದು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. 1986ರ ಏಪ್ರಿಲ್ 28ರ ಬೆಳಗ್ಗೆ ಸ್ವೀಡನ್ನಿನ ಫೋರ್ಸ್‌ಮಾರ್ಕ್ ವಿದ್ಯುದಾಗಾರದಲ್ಲಿ ಒಬ್ಬ ನೌಕರನ ಪಾದರಕ್ಷೆ ವಿಕಿರಣ ಯಂತ್ರವನ್ನು ಕೂಗಿಸಿತು. ಆ ಮಣ್ಣು ಅಲ್ಲಿಯದಲ್ಲ. ಸುಮಾರು 1100 ಕಿಲೋಮೀಟರ್ ದೂರದ ಚೆರ್ನೋಬಿಲ್‌ನಿಂದ ಗಾಳಿ ಹೊತ್ತು ತಂದದ್ದು. ಎರಡು ದಿನ ಮೌನವಾಗಿದ್ದ ಮಾಸ್ಕೋ ಅಂದು ಸಂಜೆ ಬಾಯಿ ಬಿಡಬೇಕಾಯಿತು. ನಮ್ಮ ಉತ್ತರ ಕನ್ನಡದ ಕೈಗಾದಲ್ಲಿಯೂ 2009ರ ನವೆಂಬರಿನಲ್ಲಿ ಕುಡಿಯುವ ನೀರಿಗೆ ಟ್ರಿಟಿಯಂ ಬೆರೆತು 50ಕ್ಕೂ ಹೆಚ್ಚು ನೌಕರರ ಮೈ ಸೇರಿದ ಪ್ರಸಂಗ ಬಯಲಾದದ್ದು ಅವರ ಮೂತ್ರದ ವಾಡಿಕೆಯ ಪರೀಕ್ಷೆಯಿಂದ. ಟ್ರಿಟಿಯಮ್ಮಿನ ಕಿರಣ ಬಹಳ ದುರ್ಬಲ. ಗೈಗರ್ ಕೊಳವೆಯ ಗೋಡೆಯನ್ನು ದಾಟಲಾರದು. ಅದಕ್ಕೆ ಬೇರೆಯೇ ಉಪಕರಣ ಬೇಕು. ಆ ವಾಡಿಕೆಯ ಪರೀಕ್ಷೆಯೊಂದು ಇಲ್ಲದಿದ್ದರೆ ಗೈಗರ್ ಯಂತ್ರದ ಮೌನವನ್ನೇ ನಾವು ಕ್ಷೇಮವೆಂದು ತಿಳಿಯುತ್ತಿದ್ದೆವೋ ಏನೋ.

ಯಂತ್ರ ಸುಳ್ಳು ಹೇಳುವುದಿಲ್ಲ ಎನ್ನುತ್ತೇವೆ. ನಿಜ, ಆದರೆ ಕೇಳಿದ್ದಕ್ಕೆ ಮಾತ್ರ ಅದು ಉತ್ತರ ಕೊಡುತ್ತದೆ, ಕೇಳುವವರು ಇರುವ ತನಕ ಮಾತ್ರ. ಆದ್ದರಿಂದ ‘ಪ್ರಮಾಣ’ದ ಮೊದಲೆರಡು ಅರ್ಥಗಳು ಮೂರನೆಯದರ ಮೇಲೆ ನಿಂತಿವೆ. ಅಳತೆಯನ್ನು ನಿಲ್ಲಿಸುವುದಿಲ್ಲ, ಅಳೆದದ್ದನ್ನು ಮುಚ್ಚಿಡುವುದಿಲ್ಲ ಎಂಬ ಆಣೆ ಅದು. ‘ಅದೃಷ್ಟದ ನಾಗ’ನನ್ನು ಟೋಕಿಯೋದ ಒಂದು ಭವನದಲ್ಲಿ ಇರಿಸಿದ್ದಾರೆ. ಮರದ ಹಳೆಯ ದೋಣಿ. ನೋಡಿದರೆ ವಿಶೇಷವೇನೂ ಕಾಣದು. ಬೂದಿ ಬಿದ್ದ ದಿನವೂ ಅದು ಹಾಗೆಯೇ ಕಂಡಿದ್ದಿರಬೇಕು.