ಕೆ.ವಿ. ರೆಡ್ಡಿ ಚಿತ್ರಗಳಲ್ಲಿ ಯಾವುದು ಮೇಲು? 'ಮಾಯಾಬಜಾರ್' ಪಕ್ಷ, 'ವೇಮನ' ಪಕ್ಷ

ಹಿಂದೂಪುರ: ಈ ಭಾಗದಲ್ಲಿ ಹಳೆಯ ಸಿನಿಮಾದ ಮಾತು ಬಂದರೆ ಅದು ಒಂದೇ ಭಾಷೆಯಲ್ಲಿ ಮುಗಿಯುವುದಿಲ್ಲ. ಕನ್ನಡದಲ್ಲಿ ಶುರುವಾಗಿ, ನಡುವೆ ತೆಲುಗಿಗೆ ಹೊರಳಿ, ಜಗಳ ಜೋರಾದಾಗ ಎರಡೂ ಬೆರೆತುಬಿಡುತ್ತದೆ. ರಾಜ್‌ಕುಮಾರ್ ಮೇಲೋ ಎನ್.ಟಿ.ಆರ್. ಮೇಲೋ ಎಂಬ ವಾದ ಎಂದೂ ಇತ್ಯರ್ಥವಾಗದ್ದು, ಅದನ್ನು ಬಿಡೋಣ. ಆದರೆ ನಮ್ಮದೇ ಸೀಮೆಯ ಒಬ್ಬ ನಿರ್ದೇಶಕರ ಬಗ್ಗೆ ಇನ್ನೊಂದು ವಾದವಿದೆ. ಕೆ.ವಿ. ರೆಡ್ಡಿ ಅವರ ಚಿತ್ರಗಳಲ್ಲಿ ಅತ್ಯುತ್ತಮ ಯಾವುದು?

ಹತ್ತು ಜನರನ್ನು ಕೇಳಿದರೆ ಒಂಬತ್ತು ಜನ 'ಮಾಯಾಬಜಾರ್' ಅನ್ನುತ್ತಾರೆ. ಹತ್ತನೆಯವರ ಮಾತನ್ನೂ ಕೇಳಬೇಕು ಎಂಬುದೇ ಈ ಬರಹದ ಕಾರಣ.

ತಾಡಿಪತ್ರಿಯ ಹುಡುಗ

ಕದಿರಿ ವೆಂಕಟ ರೆಡ್ಡಿ ಹುಟ್ಟಿದ್ದು 1912ರ ಜುಲೈ 1ರಂದು, ಅನಂತಪುರ ಜಿಲ್ಲೆಯ ತಾಡಿಪತ್ರಿಯಲ್ಲಿ. ಹೆಸರಿನಲ್ಲೇ ಕದಿರಿ ಇದೆ ನೋಡಿ. (2022ರ ಏಪ್ರಿಲ್‌ನಲ್ಲಿ ಜಿಲ್ಲೆ ಒಡೆದ ಮೇಲೆ ಹಿಂದೂಪುರ, ಕದಿರಿ, ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದವು, ತಾಡಿಪತ್ರಿ, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿದವು. ರೆಡ್ಡಿಯವರು ಈಗ ಎರಡೂ ಜಿಲ್ಲೆಗಳಿಗೆ ಸೇರಿದವರು ಎಂದು ಹೇಳಿಕೊಳ್ಳಲು ಅಡ್ಡಿಯಿಲ್ಲ.) ಮದರಾಸಿನಲ್ಲಿ ಭೌತಶಾಸ್ತ್ರ ಓದಿ ಪದವಿ ಪಡೆದ ಅವರು ಚಿತ್ರರಂಗಕ್ಕೆ ಬಂದದ್ದು ಕ್ಯಾಷಿಯರ್ ಆಗಿ. ವಾಹಿನಿ ಸಂಸ್ಥೆಗೆ ಹಣ ಹಾಕಿದ ಮೂಲಾ ನಾರಾಯಣಸ್ವಾಮಿ ತಾಡಿಪತ್ರಿಯವರೇ, ಇವರ ಸ್ನೇಹಿತರು. ಲೆಕ್ಕ ಬರೆಯುತ್ತಿದ್ದ ಮನುಷ್ಯ 1943ರಲ್ಲಿ 'ಭಕ್ತ ಪೋತನ' ನಿರ್ದೇಶಿಸಿದರು. ಅದು ಗೆದ್ದಿತು.

ಲೆಕ್ಕದ ಬುದ್ಧಿ ಕೊನೆಯವರೆಗೂ ಹೋಗಲಿಲ್ಲ. ಚಿತ್ರಕಥೆ ಪೂರ್ತಿ ಕೈಗೆ ಬರುವ ತನಕ ಕ್ಯಾಮೆರಾ ಮುಟ್ಟುತ್ತಿರಲಿಲ್ಲ. ಪ್ರತಿ ದೃಶ್ಯ ಎಷ್ಟು ಹೊತ್ತು ಬರುತ್ತದೆಂದು ಸ್ಟಾಪ್‌ವಾಚ್ ಹಿಡಿದು ಅಳೆಯುತ್ತಿದ್ದರು ಎಂದು ಅವರ ಜೊತೆ ಕೆಲಸ ಮಾಡಿದವರು ಹೇಳುತ್ತಿದ್ದರು. ಅದಕ್ಕೇ ಇರಬೇಕು, ಸುಮಾರು ಮೂವತ್ತು ವರ್ಷಗಳಲ್ಲಿ ಅವರು ಮಾಡಿದ್ದು 14 ತೆಲುಗು ಚಿತ್ರಗಳು ಮಾತ್ರ.

ಪಾಂಡವರೇ ಇಲ್ಲದ ಭಾರತ

1957ರ ಮಾರ್ಚ್ 27ರಂದು ಬಿಡುಗಡೆಯಾದ 'ಮಾಯಾಬಜಾರ್' ಪರ ವಾದಿಸುವವರ ಕೈಯಲ್ಲಿ ಅಸ್ತ್ರಗಳು ಬೇಕಾದಷ್ಟಿವೆ. ಭಾರತೀಯ ಚಿತ್ರರಂಗಕ್ಕೆ ನೂರು ತುಂಬಿದ 2013ರಲ್ಲಿ ಸಿಎನ್‌ಎನ್-ಐಬಿಎನ್ ವಾಹಿನಿ ನಡೆಸಿದ ಮತದಾನದಲ್ಲಿ ದೇಶದ ಅತ್ಯುತ್ತಮ ಚಿತ್ರವಾಗಿ ಆಯ್ಕೆಯಾದದ್ದು ಹಿಂದಿಯದಲ್ಲ, ಬಂಗಾಳಿಯದಲ್ಲ, ಇದೇ ಚಿತ್ರ. ಎನ್.ಟಿ. ರಾಮರಾವ್ ಕೃಷ್ಣ, ಅಕ್ಕಿನೇನಿ ನಾಗೇಶ್ವರರಾವ್ ಅಭಿಮನ್ಯು, ಸಾವಿತ್ರಿ ಶಶಿರೇಖೆ, ಎಸ್.ವಿ. ರಂಗರಾವ್ ಘಟೋತ್ಕಚ. ಮಾಯಾ ಶಶಿರೇಖೆಯಾಗಿ ಹೆಣ್ಣಿನ ರೂಪದೊಳಗಿನ ಘಟೋತ್ಕಚನನ್ನು ಸಾವಿತ್ರಿ ನಟಿಸಿ ತೋರಿಸಿದ್ದನ್ನು ಮೀರಿಸಿದವರು ಇನ್ನೂ ಬಂದಿಲ್ಲ.

ಕಥೆ ಮೂಲ ಮಹಾಭಾರತದ್ದಲ್ಲ. ಜನರ ಬಾಯಲ್ಲಿ, ನಾಟಕಗಳಲ್ಲಿ ಬೆಳೆದ ಕಥೆ. ಕನ್ನಡದವರಿಗೂ ಇದು ಹೊಸದಲ್ಲ; ಯಕ್ಷಗಾನದಲ್ಲಿ 'ಕನಕಾಂಗಿ ಕಲ್ಯಾಣ' ಎಂದು ಆಡುತ್ತ ಬಂದದ್ದು ಇದೇ ಬಲರಾಮನ ಮಗಳ ಮದುವೆಯನ್ನು. ರೆಡ್ಡಿಯವರ ಜಾಣತನವೆಂದರೆ ಪಾಂಡವರ ಬಂಧುಗಳ ಕಥೆಯಲ್ಲಿ ಪಾಂಡವರನ್ನು ಒಮ್ಮೆಯೂ ತೆರೆಗೆ ತರದೇ ಇದ್ದದ್ದು. ಬಡವರಾದ ನೆಂಟರು, ಶ್ರೀಮಂತ ಸಂಬಂಧಕ್ಕೆ ಆಸೆಪಟ್ಟು ಮಾತು ತಪ್ಪುವ ತಾಯಿ, ಪೆದ್ದ ಮದುಮಗ... ಕಿರೀಟ ತೆಗೆದರೆ ಇದು ಯಾವ ಊರಿನ ಮನೆಯಲ್ಲಾದರೂ ನಡೆಯುವ ಕಥೆ. ಪಿಂಗಳಿ ನಾಗೇಂದ್ರರಾವ್ ಹುಟ್ಟಿಸಿದ 'ಗಿಂಬಳಿ', 'ತಸಮದೀಯ' ಮುಂತಾದ ವಿಚಿತ್ರ ಪದಗಳು ಗಡಿ ದಾಟಿ ಕನ್ನಡದ ಮನೆಗಳ ತಮಾಷೆ ಮಾತಿಗೂ ಬಂದವು. ಮಾರ್ಕಸ್ ಬಾರ್ಟ್ಲೆ ತೋರಿಸಿದ ಬೆಳದಿಂಗಳನ್ನು, ಘಟೋತ್ಕಚ ಮದುವೆಯೂಟ ನುಂಗುವ ದೃಶ್ಯವನ್ನು ಬಣ್ಣಿಸುವ ಅಗತ್ಯವೇ ಇಲ್ಲ. 2010ರ ಜನವರಿಯಲ್ಲಿ ಬಣ್ಣ ತುಂಬಿದ ಪ್ರತಿಯೂ ಬಂತು. ಆದರೆ ಆ ಬೆಳದಿಂಗಳು ಚೆಂದ ಕಾಣುವುದು ಕಪ್ಪು ಬಿಳುಪಿನಲ್ಲೇ.

ಮಾಂತ್ರಿಕನ ಪಕ್ಷ

ಇದಕ್ಕೆ ಎದುರಾಗಿ ನಿಲ್ಲುವವರು 'ಪಾತಾಳ ಭೈರವಿ'ಯವರು (1951). ನಾಗಿರೆಡ್ಡಿ-ಚಕ್ರಪಾಣಿಯವರ ವಿಜಯಾ ಸಂಸ್ಥೆಯ ಎರಡನೇ ಚಿತ್ರ. 1952ರಲ್ಲಿ ನಡೆದ ದೇಶದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ದಕ್ಷಿಣದಿಂದ ಹೋದ ಚಿತ್ರ. ತೋಟದ ಮಾಲಿಯ ಮಗ ರಾಮುಡು, ರಾಜಕುಮಾರಿ, ನಡುವೆ ನೇಪಾಳದ ಮಾಂತ್ರಿಕ. ಎನ್.ಟಿ.ಆರ್. ಜನರ ನಾಯಕನಾಗಿ ನಿಂತದ್ದು ಈ ಚಿತ್ರದಿಂದ. 1985, 1989, 1994ರಲ್ಲಿ ಹಿಂದೂಪುರದ ಮತದಾರರು ಅವರನ್ನು ವಿಧಾನಸಭೆಗೆ ಕಳಿಸಿದ್ದರ ಹಿಂದೆ ರಾಜಕೀಯ ಏನೇ ಇರಲಿ, ಮತ ಹಾಕಿದ ಮುದುಕರ ಕಣ್ಣಲ್ಲಿ ತೋಟರಾಮುಡು ಇದ್ದೇ ಇದ್ದ. ಆದರೂ ಚಿತ್ರ ಗೆದ್ದದ್ದು ನಾಯಕನಿಂದಲೋ, ರಂಗರಾವ್ ಅವರ ಮಾಂತ್ರಿಕನಿಂದಲೋ ಎಂದು ಕೇಳಿದರೆ ಮತ್ತೊಂದು ಜಗಳ. ಮಕ್ಕಳನ್ನು ಕೇಳಿ, ಮಾಂತ್ರಿಕ ಅನ್ನುತ್ತಾರೆ.

'ಗುಣಸುಂದರಿ ಕಥ' (1949) ಷೇಕ್ಸ್‌ಪಿಯರ್‌ನ 'ಕಿಂಗ್ ಲಿಯರ್' ಎಳೆಯನ್ನು ಅಜ್ಜಿಕಥೆಯಾಗಿಸಿದ ಚಿತ್ರ. 'ದೊಂಗ ರಾಮುಡು' (1955) ಚಿತ್ರಕಥೆ ಪುಣೆಯ ಫಿಲ್ಮ್ ಇನ್ಸ್ಟಿಟ್ಯೂಟಿನಲ್ಲಿ ಪಾಠವಾಯಿತು. 'ಜಗದೇಕವೀರುನಿ ಕಥ'ದಲ್ಲಿ (1961) ಒಂದೇ ಹಾಡಿಗೆ ಐವರು ಎನ್.ಟಿ.ಆರ್.ಗಳು ಕಾಣಿಸುತ್ತಾರೆ, ಅದರ ನಾಯಕಿ ನಮ್ಮ ಬೆಂಗಳೂರಿನ ಬಿ. ಸರೋಜಾದೇವಿ. ಇವೆಲ್ಲ ಒಳ್ಳೆಯ ಚಿತ್ರಗಳೇ, ಆದರೆ ಮೊದಲ ಸ್ಥಾನಕ್ಕೆ ಯಾರೂ ಹಟ ಹಿಡಿಯುವುದಿಲ್ಲ.

'ಪೆದ್ದ ಮನುಷುಲು' (1954) ಮಾತು ಬೇರೆ. ಇಬ್ಸನ್‌ನ ನಾಟಕದಿಂದ ಎತ್ತಿಕೊಂಡ ಕಥೆ, ಬರೆದವರು ಡಿ.ವಿ. ನರಸರಾಜು. ಊರಿನ ಮುನ್ಸಿಪಲ್ ಚೇರ್ಮನ್, ನೋಡಲು ಧರ್ಮರಾಯ, ಒಳಗೆ ಊರನ್ನೇ ತಿನ್ನುವವನು. ನಿಜ ಹೇಳುವ ಧೈರ್ಯ ಇರುವುದು ಹುಚ್ಚನಿಗೆ ಮಾತ್ರ. ಆ ಪಾತ್ರ ರೇಲಂಗಿಯವರದು. ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ತೆಲುಗು ಚಿತ್ರದ ಗೌರವ ಇದಕ್ಕೆ ಬಂತು. ಮಾಯೆ, ಮಂತ್ರ, ಕಿರೀಟ ಯಾವುದೂ ಇಲ್ಲದೆ ಅವರು ಏನು ಮಾಡಬಲ್ಲರು ಎಂದು ಕೇಳುವವರಿಗೆ ಇದೇ ಉತ್ತರ. ಪುರಸಭೆ ಇರುವ ಊರಿನಲ್ಲೆಲ್ಲ ಈ ಚಿತ್ರ ಹಳೆಯದಾಗುವುದಿಲ್ಲ!

ಕಟಾರುಪಲ್ಲಿಯ ಹಕ್ಕು

ಇನ್ನು ಹತ್ತನೆಯವರ ಮಾತು. ಅವರು ಹೇಳುವುದು 'ಯೋಗಿ ವೇಮನ' (1947).

ವೇಮನನ ಸಮಾಧಿ ಇರುವುದು ಕದಿರಿ ಸಮೀಪದ ಕಟಾರುಪಲ್ಲಿಯಲ್ಲಿ. ತೆಲುಗಿನವರಿಗೆ ಅವನು ಪದ್ಯದ ವೇಮನ. ಕನ್ನಡದವರಿಗೆ ಹೇಮರೆಡ್ಡಿ ಮಲ್ಲಮ್ಮನ ಮೈದುನ, ಅತ್ತಿಗೆಯ ಮಾತಿನಿಂದ ದಾರಿಗೆ ಬಂದವನು. ಗುಬ್ಬಿ ವೀರಣ್ಣನವರ 'ಹೇಮರೆಡ್ಡಿ ಮಲ್ಲಮ್ಮ' ಚಿತ್ರ ಈ ತೆಲುಗು ಚಿತ್ರಕ್ಕಿಂತ ತುಸು ಮುಂಚೆ ಬಂದಿತ್ತು. ಸರ್ವಜ್ಞನ ಜೊತೆಗೆ ವೇಮನನ ಹೆಸರು ಹೇಳುವ ರೂಢಿ ಕನ್ನಡದಲ್ಲಿ ಹಳೆಯದು. ಕರ್ನಾಟಕ ಸರ್ಕಾರ ಜನವರಿ 19ರಂದು ವೇಮನ ಜಯಂತಿ ಆಚರಿಸುತ್ತದೆ. ಹೀಗೆ ಎರಡೂ ಭಾಷೆಯವರು ನಮ್ಮವನೆಂದು ಎಳೆಯುವ ಒಬ್ಬ ಮನುಷ್ಯನ ಕಥೆಯನ್ನು, ಅವನು ಮಣ್ಣಾದ ಸೀಮೆಯಲ್ಲೇ ಹುಟ್ಟಿದ ನಿರ್ದೇಶಕರು ತೆರೆಗೆ ತಂದರು.

ಚಿತ್ತೂರು ವಿ. ನಾಗಯ್ಯ ವೇಮನ. ಅವನು ಮೋಹಿಸುವ ಮೋಹನಾಂಗಿಯಾಗಿ ಕನ್ನಡದ ಎಂ.ವಿ. ರಾಜಮ್ಮ. ಗೆಳೆಯ ಅಭಿರಾಮನ ಜೊತೆ ಸೇರಿ ಕಬ್ಬಿಣವನ್ನು ಚಿನ್ನ ಮಾಡುವ ಹುಚ್ಚಿಗೆ ಬೀಳುತ್ತಾನೆ ವೇಮನ. ಚಿನ್ನವೇನೋ ಸಿಗುತ್ತದೆ, ಆದರೆ ಅಷ್ಟರಲ್ಲಿ ಅವನು ಪ್ರಾಣವೆಂದುಕೊಂಡಿದ್ದ ಅಣ್ಣನ ಮಗಳು ಜ್ಯೋತಿ ಸತ್ತಿರುತ್ತಾಳೆ. ಮುಂದಿನ ಸ್ಮಶಾನದ ದೃಶ್ಯ ನೋಡಿದವರು ಮರೆಯುವುದಿಲ್ಲ. ಉಪದೇಶವಿಲ್ಲ, ಪವಾಡವಿಲ್ಲ. ನಾಗಯ್ಯನವರ ಮುಖ, ದನಿ, ಅಷ್ಟೇ. 'ಮಾಯಾಬಜಾರ್' ಮಾಡಿದವರೇ ಇದನ್ನೂ ಮಾಡಿದರೇ ಎಂದು ಆಶ್ಚರ್ಯವಾಗುವಷ್ಟು ಬೇರೆ ಜಾತಿಯ ಚಿತ್ರ.

ವಿಮರ್ಶಕರು ಹೊಗಳಿದರು, ಜನ ಬರಲಿಲ್ಲ. ಇಲ್ಲೇ ವಾದದ ಗಂಟು ಇರುವುದು. ಮುಂದಿನ ಚಿತ್ರಕ್ಕೆ ರೆಡ್ಡಿಯವರು ಆರಿಸಿಕೊಂಡದ್ದು 'ಗುಣಸುಂದರಿ'ಯ ಅಜ್ಜಿಕಥೆ, ಅದರ ಮುಂದಿನದು 'ಪಾತಾಳ ಭೈರವಿ'. ವೇಮನನ ದಾರಿಗೆ ಅವರು ಮತ್ತೆ ಬರಲಿಲ್ಲ. ವೇಮನ ಗೆದ್ದಿದ್ದರೆ ಬಹುಶಃ 'ಮಾಯಾಬಜಾರ್' ಇರುತ್ತಿರಲಿಲ್ಲ. ಕೌಶಲದ ಲೆಕ್ಕದಲ್ಲಿ 'ಮಾಯಾಬಜಾರ್' ಮೇಲು ಎಂಬುದನ್ನು ಒಪ್ಪಲೇಬೇಕು. ಅದರಲ್ಲಿ ತೆಗೆದುಹಾಕುವಂಥ ಒಂದು ದೃಶ್ಯವೂ ಇಲ್ಲ. ಆದರೆ ನಗಿಸಿ ಕಳಿಸುವ ಚಿತ್ರವೇ ದೊಡ್ಡದು, ಎದೆ ಕಲಕುವ ಚಿತ್ರ ಅದರ ಕೆಳಗೆ ಎನ್ನುವುದು ಸರಿಯಾದ ತೂಕವಲ್ಲ. ಮನುಷ್ಯನನ್ನು ಹತ್ತಿರದಿಂದ ನೋಡಿದ್ದಕ್ಕೆ ಅಂಕ ಕೊಡುವುದಾದರೆ ವೇಮನ ಒಂದು ಹೆಜ್ಜೆ ಮುಂದೆ. ಈ ಸೀಮೆಯವರು ಹಾಗೆ ಹೇಳಿದರೆ ಅದು ಬರೀ ಊರಿನ ಅಭಿಮಾನವಲ್ಲ.

ಒಂದೇ ಹರಿಶ್ಚಂದ್ರ, ಎರಡು ಗತಿ

ಕನ್ನಡಿಗರಿಗೆ ಸ್ವಾರಸ್ಯವೆನಿಸುವ ಇನ್ನೊಂದು ಸಂಗತಿ. 1965ರಲ್ಲಿ ವಿಜಯಾ ಸಂಸ್ಥೆ 'ಸತ್ಯ ಹರಿಶ್ಚಂದ್ರ'ವನ್ನು ಎರಡು ಭಾಷೆಗಳಲ್ಲಿ ತಯಾರಿಸಿತು. ತೆಲುಗಿನದನ್ನು ಎನ್.ಟಿ.ಆರ್. ಅವರೊಂದಿಗೆ ರೆಡ್ಡಿಯವರೇ ನಿರ್ದೇಶಿಸಿದರು. ರಾಜ್‌ಕುಮಾರ್, ಪಂಢರೀಬಾಯಿ ಅಭಿನಯದ ಕನ್ನಡ ಚಿತ್ರಕ್ಕೆ ಅವರು ನಿರ್ಮಾಪಕರು, ನಿರ್ದೇಶನ ಹುಣಸೂರು ಕೃಷ್ಣಮೂರ್ತಿ ಅವರದು. ತೆಲುಗಿನ ಹರಿಶ್ಚಂದ್ರ ಸೋತ. ಕನ್ನಡದ ಹರಿಶ್ಚಂದ್ರ ಗೆದ್ದು, ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆದು, 2008ರಲ್ಲಿ ಬಣ್ಣದಲ್ಲಿ ಮತ್ತೆ ತೆರೆಗೆ ಬಂದ. ರೆಡ್ಡಿಯವರ ಹೆಸರಿರುವ ಕನ್ನಡ ಚಿತ್ರವೂ ಲೆಕ್ಕಕ್ಕೆ ಬರುವುದಾದರೆ, ಗಡಿಯ ಈಚೆಯವರ ಮತ ಎತ್ತ ಬೀಳುತ್ತಿತ್ತೆಂದು ಊಹಿಸಬಹುದು.

ಆ ನಂತರದ ವರ್ಷಗಳು ಚೆನ್ನಾಗಿರಲಿಲ್ಲ. 1968ರ ಎರಡು ಚಿತ್ರಗಳು, 'ಉಮಾ ಚಂಡಿ ಗೌರೀ ಶಂಕರುಲ ಕಥ' ಮತ್ತು 'ಭಾಗ್ಯಚಕ್ರಮು', ಇಂದು ಯಾರ ಪಟ್ಟಿಯಲ್ಲೂ ಇಲ್ಲ. ಎನ್.ಟಿ.ಆರ್., ಜಯಲಲಿತಾ ನಟಿಸಿದ 'ಶ್ರೀಕೃಷ್ಣ ಸತ್ಯ' (1971) ಅವರ ಕೊನೆಯ ಚಿತ್ರ. 1972ರ ಸೆಪ್ಟೆಂಬರ್ 15ರಂದು, ಅರವತ್ತನೇ ವಯಸ್ಸಿನಲ್ಲಿ ತೀರಿಕೊಂಡರು.

ಅಂದಹಾಗೆ, 'ಮಾಯಾಬಜಾರ್' ಕಾಲದಲ್ಲಿ ಅವರ ಬಳಿ ಸಹಾಯಕರಾಗಿದ್ದ ಯುವಕರೊಬ್ಬರು ಮುಂದೆ ಕನ್ನಡಕ್ಕೆ ಬಂದು ರಾಜ್‌ಕುಮಾರ್ ಅವರಿಗೆ 'ಹಾಲು ಜೇನು', 'ಚಲಿಸುವ ಮೋಡಗಳು', 'ಶ್ರಾವಣ ಬಂತು' ನಿರ್ದೇಶಿಸಿದರು. 1987ರಲ್ಲಿ ಬೆಂಗಳೂರಿನಲ್ಲಿ ಒಂದು ಮಾತೂ ಇಲ್ಲದ 'ಪುಷ್ಪಕ ವಿಮಾನ' ಮಾಡಿದರು. ಅವರು ಸಿಂಗೀತಂ ಶ್ರೀನಿವಾಸ ರಾವ್.