ಇನ್ನೊಂದು ಹಣೆಪಟ್ಟಿ ಯಾಕಣ್ಣ?

ಹೋದ ತಿಂಗಳು ಭದ್ರಾವತಿಯ ಒಂದು ಕಾಲೋನಿಯಲ್ಲಿ ಸಭೆ ಮುಗಿಸಿ ಹೊರಡುವಾಗ ಒಬ್ಬ ಅಕ್ಕ ನಿಲ್ಲಿಸಿದರು. ಮಗನಿಗೆ ಹನ್ನೊಂದು ವರ್ಷ. ಮಾತು ತಡವಾಗಿ ಬಂತು, ಅಕ್ಷರ ಇನ್ನೂ ಕೂಡ್ತಾ ಇಲ್ಲ. ಶಾಲೆಯಲ್ಲಿ ಕೇಳಿದರೆ, "ನಿಮ್ಮ ಮನೆ ಕಡೆ ಓದೋ ವಾತಾವರಣ ಇಲ್ಲವಲ್ಲಮ್ಮ" ಅಂತಾರಂತೆ. ಅಂಗವಿಕಲ ಸರ್ಟಿಫಿಕೇಟಿಗೆ ಅರ್ಜಿ ಹಾಕೋಣ ಅಕ್ಕ ಅಂದೆ. "ಈಗಾಗ್ಲೇ ಹಣೆ ಮೇಲೆ ಒಂದು ಪಟ್ಟಿ ಐತೆ. ಇನ್ನೊಂದು ಯಾಕಣ್ಣ?" ಅಂದರು.

ಅವತ್ತು ನನಗೆ ಉತ್ತರ ಹೊಳೀಲಿಲ್ಲ. ಈ ಪೋಸ್ಟು ಆ ಉತ್ತರ. ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಮೊದಲು ಲೆಕ್ಕದ ಕತೆ. 1981ರ ಜನಗಣತಿ ಮೂರೇ ಬಗೆಯ ಅಂಗವಿಕಲರನ್ನು ಎಣಿಸಿತು: ಕಣ್ಣಿಲ್ಲದವರು, ಮಾತಿಲ್ಲದವರು, ಕೈಕಾಲು ಊನ ಆದವರು. 1991ರಲ್ಲಿ ಅದನ್ನೂ ಕೇಳಲಿಲ್ಲ. 2011ಕ್ಕೆ ಬಂದಾಗ ಬೌದ್ಧಿಕ ಅಂಗವೈಕಲ್ಯಕ್ಕೆ ಬೇರೆ ಕಾಲಂ ಸಿಕ್ಕಿತು. ಆ ಗಣತಿಯಲ್ಲಿ ಇನ್ನೊಂದು ಸಂಗತಿ ಇದೆ, ನಮ್ಮ ವೇದಿಕೆಗಳಲ್ಲಿ ಯಾರೂ ಹೇಳಲ್ಲ. ಪರಿಶಿಷ್ಟ ಜಾತಿಯಲ್ಲಿ ಅಂಗವಿಕಲರು ಶೇ 2.45. ಎಸ್‌ಸಿ, ಎಸ್‌ಟಿ ಬಿಟ್ಟು ಉಳಿದವರಲ್ಲಿ ಶೇ 2.18. ಅಂದರೆ ಇದು ನಮ್ಮ ಕೇರಿಯ ವಿಷಯ. ಅಷ್ಟಾದರೂ ಓದು ಬರಹ ಮಾತ್ರ ಹತ್ತದ ಮಗುವಿಗೆ ಆ ಗಣತಿಯಲ್ಲೂ ಕಾಲಂ ಇರಲಿಲ್ಲ.

ಎರಡನೇದು ಅಳತೆಯ ಕತೆ. ಬುದ್ಧಿಮಟ್ಟದ ಪರೀಕ್ಷೆ ಶುರುವಾಗಿದ್ದು 1905ರಲ್ಲಿ ಪ್ಯಾರಿಸ್ಸಿನಲ್ಲಿ. ಶಾಲೆಯಲ್ಲಿ ಯಾವ ಮಗುವಿಗೆ ಹೆಚ್ಚಿನ ಸಹಾಯ ಬೇಕು ಅಂತ ಪತ್ತೆ ಮಾಡೋಕೆ ಆಲ್ಫ್ರೆಡ್ ಬಿನೆ ಮಾಡಿದ್ದು. 1930ರ ದಶಕದಲ್ಲಿ ಧಾರವಾಡದ ವಿ.ವಿ. ಕಾಮತ್ ಅದನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಬಿನೆ-ಕಾಮತ್ ಪರೀಕ್ಷೆ ಅಂತ ಅದು ಇವತ್ತಿಗೂ ಬಳಕೆಯಲ್ಲಿದೆ. ಒಳ್ಳೆಯ ಕೆಲಸವೇ. ಆದರೆ ಆ ಕಾಲದ ಧಾರವಾಡವನ್ನೂ ನೆನಪಿಡಿ. ಅದೇ ಊರಲ್ಲಿ 1929ರಲ್ಲಿ ನಮ್ಮ ಹುಡುಗರು ಉಳಿದು ಓದೋಕೆ ಜಾಗ ಬೇಕು ಅಂತ ಬಾಬಾಸಾಹೇಬರೇ ವಸತಿ ನಿಲಯ ತೆರೆಸಬೇಕಾಯಿತು. ಅಳತೆಗೋಲು ತಯಾರಾಗ್ತಿದ್ದಾಗ ಶಾಲೆಯ ಒಳಗೆ ನಮ್ಮ ಮಕ್ಕಳು ಎಷ್ಟಿದ್ದರು?

ಮೂರನೇದು ಕಾಯ್ದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆ ಇತ್ತು. 'ಬುದ್ಧಿಮಾಂದ್ಯ' ಅನ್ನೋ ಪದ ಇತ್ತು, ಆಟಿಸಂ ಇರಲಿಲ್ಲ, ಕಲಿಕಾ ನ್ಯೂನತೆ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿಯನ್ನು ಸೇರಿಸಿಕೊಂಡಿತು. 2016ರಲ್ಲಿ ಹೊಸ ಕಾಯ್ದೆ ಬಂತು, 2017ರ ಏಪ್ರಿಲ್ 19ರಿಂದ ಜಾರಿಯಾಯಿತು. ಏಳು ಇದ್ದದ್ದು 21 ಆಯಿತು. ನಿರ್ದಿಷ್ಟ ಕಲಿಕಾ ನ್ಯೂನತೆಗೆ ಮೊದಲ ಸಲ ಹೆಸರು ಸಿಕ್ಕಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಅಮೆರಿಕದ 1975ರ ಕಾಯ್ದೆ ಕಲಿಕಾ ನ್ಯೂನತೆಯ ವ್ಯಾಖ್ಯಾನದಲ್ಲೇ ಒಂದು ಬಾಗಿಲು ಮುಚ್ಚಿತ್ತು: ಮಗು ಕಲೀದೇ ಇರೋದಕ್ಕೆ ಬಡತನ, ಪರಿಸರ, ಸಂಸ್ಕೃತಿಯ ಕೊರತೆ ಮುಖ್ಯ ಕಾರಣ ಆಗಿದ್ದರೆ ಅದು ನ್ಯೂನತೆ ಅಲ್ಲ. ನಮ್ಮ 2016ರ ಕಾಯ್ದೆಯ ಪಟ್ಟಿಯಲ್ಲಿ ಆ ಮಾತಿಲ್ಲ. ಆದರೆ ಮನಸ್ಸುಗಳಲ್ಲಿದೆ. "ನಿಮ್ಮ ಮನೆ ಕಡೆ ವಾತಾವರಣ ಇಲ್ಲ" ಅನ್ನೋದು ಅದೇ ಮಾತು. ಮೇಲ್ಜಾತಿಯ ಮನೆ ಮಗು ಓದದಿದ್ದರೆ "ಏನೋ ತೊಂದರೆ ಇರಬೇಕು, ಡಾಕ್ಟರಿಗೆ ತೋರಿಸಿ" ಅಂತಾರೆ. ನಮ್ಮ ಮಗು ಓದದಿದ್ದರೆ "ಅವರ ಮಕ್ಕಳು ಹಂಗೇ" ಅಂತಾರೆ. ಜಾತಿ ಅನ್ನೋದು ಇಲ್ಲಿ ಅವಮಾನ ಮಾಡೋದಷ್ಟೇ ಅಲ್ಲ, ಕಾಯಿಲೆಯನ್ನೂ ಮರೆಮಾಚುತ್ತೆ.

ಇನ್ನು ನಮ್ಮದೇ ತಪ್ಪು. 1970ರ ದಶಕದಲ್ಲಿ ಇದೇ ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಪಾಠ ಮಾಡ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದರು. ಭೂಮಿ ಕೇಳಿದೆವು, ಶಾಲೆ ಕೇಳಿದೆವು, ಮರ್ಯಾದೆ ಕೇಳಿದೆವು. ನಮ್ಮ ಮಕ್ಕಳು ಯಾರಿಗೂ ಕಮ್ಮಿ ಇಲ್ಲ ಅಂತ ತೋರಿಸೋ ಹಟದಲ್ಲಿ ಪ್ರತಿ ಅಂಬೇಡ್ಕರ್ ಜಯಂತಿಗೆ ಪ್ರತಿಭಾ ಪುರಸ್ಕಾರ ಮಾಡ್ತೀವಿ. ಶೇ 90 ತಗೊಂಡವರಿಗೆ ಶಾಲು ಹಾಕ್ತೀವಿ. ಅದು ಬೇಕು. ಆದರೆ ಅದೇ ಪೆಂಡಾಲಲ್ಲಿ ಕುರ್ಚಿ ಎತ್ತಿಡೋ ಹುಡುಗ ಯಾಕೆ ಶಾಲೆ ಬಿಟ್ಟ ಅಂತ ನಾವು ಕೇಳಿದ್ದೀವಾ? ನಾನಂತೂ ಕೇಳಿಲ್ಲ. ಅವನನ್ನು ತೋರಿಸಿದರೆ ಎದುರಿನವರ ಮಾತೇ ನಿಜ ಆಗಿಬಿಡುತ್ತೆ ಅಂತ ಹೆದರಿದ್ವಿ. ಬುದ್ಧಿವಂತಿಕೆ ಸಾಬೀತು ಮಾಡಿ ಪಡೆಯೋದು ಘನತೆ ಅಲ್ಲ ಅಂತ ಬಾಬಾಸಾಹೇಬರನ್ನು ಓದಿದ ನಮಗೆ ಗೊತ್ತಿರಬೇಕಿತ್ತು.

ಈಗ ಸರ್ಟಿಫಿಕೇಟಿನಿಂದ ಏನು ಸಿಗುತ್ತೆ? ಶೇ 40 ಮತ್ತು ಅದಕ್ಕಿಂತ ಹೆಚ್ಚು ಬಂದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಕಾಯ್ದೆಯ 31ನೇ ಕಲಂ ಕೊಟ್ಟ ಹಕ್ಕು. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರು. ಆದಾಯ ಮಿತಿಯೊಳಗಿದ್ದರೆ ಮಾಸಾಶನ, ಅರ್ಜಿ ನಾಡಕಚೇರಿಯಲ್ಲಿ. ಶೇ 40 ದಾಟಿದರೆ 800 ರೂಪಾಯಿ, ಶೇ 75 ದಾಟಿದರೆ 1,400. ಬೌದ್ಧಿಕ ಅಂಗವೈಕಲ್ಯ, ಆಟಿಸಂ ಇದ್ದರೆ ನಿರಾಮಯ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಆರೋಗ್ಯ ವಿಮೆ. 37ನೇ ಕಲಂ ಪ್ರಕಾರ ಜಮೀನು, ಮನೆ ಹಂಚಿಕೆಯಲ್ಲಿ ಶೇ 5. ಭೂಮಿಗಾಗಿ ಬೀದಿಗಿಳಿದ ನಾವು ಈ ಶೇ 5 ಎಷ್ಟು ಸಲ ಕೇಳಿದ್ದೀವಿ?

ಇನ್ನೊಂದು. 2020ರ ಜುಲೈನಲ್ಲಿ ಸುಪ್ರೀಂ ಕೋರ್ಟು ಚಂಡೀಗಢದ ಕಲಾ ಕಾಲೇಜಿಗೆ ಸೇರಬೇಕಿದ್ದ, ಬೌದ್ಧಿಕ ಅಂಗವೈಕಲ್ಯ ಇರುವ ವಿದ್ಯಾರ್ಥಿಯೊಬ್ಬನ ಪ್ರಕರಣದಲ್ಲಿ ಹೇಳಿತು: ಅಂಗವಿಕಲರೂ ಸಾಮಾಜಿಕವಾಗಿ ಹಿಂದುಳಿದವರೇ, ಎಸ್‌ಸಿ, ಎಸ್‌ಟಿಗೆ ಕೊಡುವ ಅಂಕದ ರಿಯಾಯಿತಿ ಇವರಿಗೂ ಕೊಡಬೇಕು. ನಮ್ಮ ಹೋರಾಟ ಹಾಕಿದ ದಾರಿಯಲ್ಲೇ ಅವರ ಹಕ್ಕೂ ನಡೆದು ಬಂದಿದೆ.

ಮಾಡಬೇಕಾದ್ದು ಇಷ್ಟು. ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್ಲಿನಲ್ಲಿ ಅರ್ಜಿ. ಆಧಾರ್, ಫೋಟೊ ಬೇಕು. ಪರೀಕ್ಷೆಗೆ ಆಸ್ಪತ್ರೆಯಿಂದ ದಿನ ಬರುತ್ತೆ. ಕಲಿಕಾ ನ್ಯೂನತೆಗೆ ಎಂಟು ವರ್ಷ ತುಂಬಿರಬೇಕು, 14ಕ್ಕೆ, 18ಕ್ಕೆ ಮತ್ತೆ ಪರೀಕ್ಷೆ. ದಾರಿ ಗೊತ್ತಾಗದಿದ್ದರೆ ಗ್ರಾಮ ಪಂಚಾಯ್ತಿಯ ವಿ.ಆರ್.ಡಬ್ಲ್ಯು., ತಾಲ್ಲೂಕಿನ ಎಂ.ಆರ್.ಡಬ್ಲ್ಯು., ಶಾಲೆ ಮಕ್ಕಳಿಗೆ ಬಿ.ಇ.ಒ. ಕಚೇರಿ ಕಡೆಯ ಬಿ.ಐ.ಇ.ಆರ್.ಟಿ. ಶಿಕ್ಷಕರನ್ನು ಕೇಳಿ. ಆಗಲ್ಲ ಅಂದರೆ ಕಾರಣ ಬರಹದಲ್ಲಿ ಕೇಳಿ. 59ನೇ ಕಲಂನಲ್ಲಿ ಮೇಲ್ಮನವಿ ಹಕ್ಕಿದೆ.

ಒಂದು ಕಹಿ ಸತ್ಯವೂ ಹೇಳಬೇಕು. 2018ರ ಮಾರ್ಗಸೂಚಿಯಲ್ಲಿ 70ರಿಂದ 84 ಅಂಕದ 'ಗಡಿಯಂಚಿನ' ಮಕ್ಕಳಿಗೆ ಶೇ 25 ಅಂತ ಬರೆದರು. ಶೇ 40 ಮುಟ್ಟಲ್ಲ, ಏನೂ ಸಿಗಲ್ಲ. ಇವರಿಗಾಗಿ ನಾವು ಹೋರಾಟವನ್ನೇ ಮಾಡಬೇಕು.

ಈಗ ಅಕ್ಕನಿಗೆ ಉತ್ತರ. ಅಕ್ಕ, 'ದಡ್ಡ' ಅನ್ನೋ ಪಟ್ಟಿ ಯಾವ ಸಹಿ, ಸೀಲೂ ಇಲ್ಲದೆ ನಿಮ್ಮ ಮಗನ ಹಣೆಗೆ ಆಗಲೇ ಅಂಟಿದೆ. ಅದನ್ನು ಅವರು ಅಂಟಿಸಿದ್ದು. ಈ ಕಾಗದ ನಾವು ಕೇಳಿ ಪಡೆಯೋದು. ಜಾತಿ ಸರ್ಟಿಫಿಕೇಟನ್ನು ನಾಚಿಕೆ ಬಿಟ್ಟು ಹಿಡಿದು ನಿಂತ ದಿನವೇ ನಮ್ಮ ಮಕ್ಕಳು ಹಾಸ್ಟೆಲ್ ಸೇರಿದ್ದು. ಇದೂ ಹಂಗೇ.

ಮುಂದಿನ ವಾರ ಅಕ್ಕ, ಹುಡುಗ, ನಾನು ಮೂರೂ ಜನ ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಟಿದ್ದೀವಿ. ನಿಮ್ಮ ಕೇರಿಯಲ್ಲೂ ಇಂಥ ಮಗು ಇದ್ದೇ ಇರುತ್ತೆ. ಒಂದು ದಿನದ ಕೂಲಿ ಬಿಟ್ಟು ಹೋಗೋ ತಾಯಿಯ ಜೊತೆ ನೀವೂ ಒಬ್ಬರು ಹೋಗಿ.

ಜೈ ಭೀಮ್.