ಕಂಟ್ರೋಲು ಸಿನಿಮಾ ಮತ್ತು ಒಂದು ಕಾಗೆ

ಬರ್ತ್ರಾಂ ತಾವೆರ್ನಿಯೆಯ 'ಲೆಸೆ ಪಾಸೆ' (2002) ನೋಡಿ ಮುಗಿಸಿದಾಗ ರಾತ್ರಿ ಒಂದೂವರೆ. ಜರ್ಮನರ ವಶದಲ್ಲಿದ್ದ ಪ್ಯಾರಿಸ್ಸಿನಲ್ಲಿ, ಜರ್ಮನ್ ದುಡ್ಡಿನ ಕಂಪನಿಗೆ ಕೆಲಸ ಮಾಡಿದ ಸಿನಿಮಾ ಮಂದಿಯ ಕತೆ. ನಿದ್ದೆ ಬರಲಿಲ್ಲ. ಆಮೇಲೆ ಆ ಕಾಲದ ಬಗ್ಗೆ ಸಿಕ್ಕಿದ್ದೆಲ್ಲ ಓದ್ತಾ ಹೋದೆ, ಅದನ್ನೇ ಇಲ್ಲಿ ಗೀಚ್ತಿದ್ದೀನಿ.

ನಮ್ಮಜ್ಜಿ ರೇಷನ್ ಅಂಗಡಿಗೆ ಕೊನೇತನಕ 'ಕಂಟ್ರೋಲು' ಅಂತಲೇ ಅನ್ನೋರು. ಫ್ರಾನ್ಸಿನಲ್ಲಿ ಉದ್ಯಮಕ್ಕೆಲ್ಲ ಕಂಟ್ರೋಲು ಬಂದದ್ದು 1940ರಲ್ಲಿ. ಜೂನಿನಲ್ಲಿ ಸೋಲು. ಆಗಸ್ಟ್ 16ಕ್ಕೆ ವಿಶಿ ಸರ್ಕಾರದ ಕಾಯ್ದೆ: ಒಂದೊಂದು ಉದ್ಯಮಕ್ಕೂ ಒಂದು ಸಂಘಟನಾ ಸಮಿತಿ. ಕಚ್ಚಾ ಮಾಲು ಕಮ್ಮಿ. ನಾವೇ ಲೆಕ್ಕ ಇಟ್ಟು ಹಂಚದಿದ್ರೆ ಜರ್ಮನರು ಹಂಚ್ತಾರೆ ಅನ್ನೋ ಭಯ ಬೇರೆ. ವರ್ಷದ ಕೊನೆಗೆ ಸಿನಿಮಾಕ್ಕೂ ಸಮಿತಿ ಬಂತು. ಕೆಲಸ ಬೇಕಂದ್ರೆ ವೃತ್ತಿ ಕಾರ್ಡು ಬೇಕು. ಯಹೂದಿಗಳಿಗೆ ಕಾರ್ಡಿಲ್ಲ. ಅಷ್ಟು ಸಲೀಸಾಗಿ ಜನರನ್ನ ಹೊರಗೆ ಹಾಕಿದ್ರು, ಫಾರಂ ತುಂಬಿಸಿಕೊಂಡು!

ಇನ್ನೊಂದು ಕಡೆ 'ಕಾಂಟಿನೆಂಟಲ್ ಫಿಲ್ಮ್ಸ್'. ಯಜಮಾನ ಆಲ್ಫ್ರೆಡ್ ಗ್ರೆವೆನ್. ನಟರು, ನಿರ್ದೇಶಕರೆಲ್ಲ ಫ್ರೆಂಚರೇ, ಒಟ್ಟು 30 ಚಿತ್ರ. ಫ್ರೆಂಚರಿಗೆ ಹಗುರವಾದ, ಪೊಳ್ಳು ಚಿತ್ರಗಳು ಸಾಕು ಅನ್ನೋದು ಗೊಬೆಲ್ಸ್ ಲೆಕ್ಕಾಚಾರ. ಗ್ರೆವೆನ್‌ಗೋ ಒಳ್ಳೇ ಸಿನಿಮಾ ಮಾಡೋ ಹುಚ್ಚು. 1942ರಲ್ಲಿ ಇದೇ ಕಂಪನಿಯ, ಸಂಗೀತಗಾರ ಬರ್ಲಿಯೋಜ್‌ನ ಕುರಿತ ಚಿತ್ರ ನೋಡಿ ಗೊಬೆಲ್ಸ್ ಉರಿದುಬಿದ್ದನಂತೆ, ಇಷ್ಟು ದೇಶಾಭಿಮಾನ ಇರೋ ಚಿತ್ರ ನಮ್ಮ ಖರ್ಚಿನಲ್ಲಾ ಅಂತ!

ಹಾಗಂತ ಗ್ರೆವೆನ್ ನೆರಳು ತಂಪೇನಲ್ಲ. ಅವನ ಮೊದಲ ಚಿತ್ರಗಳಲ್ಲಿ ನಟಿಸಿದ್ದ ದೊಡ್ಡ ನಟ ಹ್ಯಾರಿ ಬೋರ್‌ನನ್ನ 1942ರಲ್ಲಿ ಗೆಸ್ಟಾಪೊ ಹಿಡಿದು ಹಿಂಸಿಸಿತು. 1943ರ ಏಪ್ರಿಲ್‌ನಲ್ಲಿ ತೀರಿಕೊಂಡ. ಅದೇ ಕಂಪನಿಯಲ್ಲಿ ಚಿತ್ರಕತೆ ಬರೀತಿದ್ದ ಜಾನ್ ಪಾಲ್ ಲ ಶಾನ್ವಾ ಯಹೂದಿ ಮೂಲದವನು, ಕಮ್ಯುನಿಸ್ಟ್, ಪ್ರತಿರೋಧ ಚಳವಳಿಯವನು ಕೂಡ. ಹುಲಿಯ ಗುಹೆಯಲ್ಲೇ ಕೂತು ಬರೆದ.

ಈಗ ಕಾಗೆ. 1943ರಲ್ಲಿ ಕ್ಲೂಜೋ ಇದೇ ಕಂಪನಿಗೆ 'ಲ ಕೊರ್ಬೊ' ಮಾಡಿದ. ಊರಲ್ಲಿ ಯಾರೋ ಹೆಸರಿಲ್ಲದ ಪತ್ರ ಬರೀತಾರೆ, ಎಲ್ಲರ ಗುಟ್ಟೂ ಬಯಲು, ಎಲ್ಲರಿಗೂ ಎಲ್ಲರ ಮೇಲೂ ಅನುಮಾನ. ಅದರಲ್ಲೊಂದು ದೃಶ್ಯ: ತೂಗುದೀಪವನ್ನ ಜೀಕಿ ಬಿಡ್ತಾನೆ ಮುದಿ ಡಾಕ್ಟರು; ಬೆಳಕು, ಕತ್ತಲೆ ಗೋಡೆ ಮೇಲೆ ಓಡಾಡ್ತವೆ, ಗೆರೆ ಎಲ್ಲಿ ಹೇಳು ಅಂತ. ಇನ್ನೊಬ್ಬ ದೀಪ ನಿಲ್ಲಿಸೋಕೆ ಹೋಗಿ ಕೈ ಸುಟ್ಕೋತಾನೆ. ಮೂಕಪತ್ರಗಳಿಂದ ನೆರೆಯವರನ್ನೇ ಹಿಡಿದುಕೊಡ್ತಿದ್ದ ದೇಶದಲ್ಲಿ ಈ ಚಿತ್ರ! ಚರ್ಚಿನವರು ಬೈದ್ರು. ಪ್ರತಿರೋಧದ ಗುಪ್ತ ಪತ್ರಿಕೆಗಳೂ ಫ್ರೆಂಚರ ಮಾನ ಕಳೆದ ಅಂತ ಬೈದ್ವು. ಬಿಡುಗಡೆಯ ನಂತರ ಚಿತ್ರಕ್ಕೆ ನಿಷೇಧ, ಕ್ಲೂಜೋಗೆ ಆಜೀವ ಬಹಿಷ್ಕಾರ. ಆಮೇಲೆ ಕಮ್ಮಿ ಮಾಡಿದ್ರು. 1947ರಲ್ಲಿ ವಾಪಸ್ ಬಂದ. ಅವನು ತಪ್ಪು ಮಾಡಿದ್ನಾ? ದುಡ್ಡು ಜರ್ಮನರದ್ದೇ, ಒಪ್ಪಿದೆ. ಆದ್ರೆ ಆ ನಾಲ್ಕು ವರ್ಷ ಅಲ್ಲಿ ಯಾರೂ ಅಷ್ಟು ನಿಜ ತೋರಿಸಿಲ್ಲ ಅಂತ ನನಗನ್ಸತ್ತೆ. ಜಗಳಕ್ಕೆ ಬರೋರು ಬನ್ನಿ :)

ಅಂದಹಾಗೆ ಸಮಿತಿ ಪೂರ್ತಿ ಸಾಯಲಿಲ್ಲ. ಟಿಕೆಟ್ ಲೆಕ್ಕ, ವೃತ್ತಿ ಕಾರ್ಡು ಎಲ್ಲ 1946ರಲ್ಲಿ ಹುಟ್ಟಿದ ರಾಷ್ಟ್ರೀಯ ಸಿನಿಮಾ ಕೇಂದ್ರಕ್ಕೆ ಬಳುವಳಿಯಾಗಿ ಬಂದ್ವು.

ಕಾರ್ನೆಯ 'ಚಿಲ್ಡ್ರನ್ ಆಫ್ ಪ್ಯಾರಡೈಸ್' 1945ರ ಮಾರ್ಚಿನಲ್ಲಿ ತೆರೆಗೆ ಬಂತು. ಸೆಟ್ ಬರೆದ ಟ್ರೌನರ್, ಸಂಗೀತದ ಕೊಸ್ಮಾ ಇಬ್ಬರೂ ಯಹೂದಿಗಳು. ಕಾರ್ಡಿಲ್ಲದೆ, ಬಚ್ಚಿಟ್ಟುಕೊಂಡೇ ಕೆಲಸ ಮಾಡಿದ್ರು. ಟೈಟಲ್ ಕಾರ್ಡಿನಲ್ಲಿ ಅವರ ಹೆಸರಿದೆ, ಜೊತೆಗೆ 'ಭೂಗತವಾಗಿ ನೆರವು' ಅಂತ. ಅಲ್ಲಿ ಒಮ್ಮೆ ಪಾಸ್ ಒತ್ತಿ ನೋಡಿ.